ಕೋವಿ ಮೇಲಿರೋ ಹೆಸರು ಕೋವಿ ಮಾಡಿದವನದ್ದಾ? ಹಳೇ ಜರ್ಮನ್ ಬೇಟೆ ರೈಫಲ್ ಓದುವ ಬಗೆ

ಇವತ್ತಿನ ವಿಷಯ ನಮ್ಮ ಮಾಮೂಲಿ ವಿಷಯಗಳಿಗಿಂತ ಸ್ವಲ್ಪ ಬೇರೆ. ನೂರು ವರ್ಷ ಹಳೆಯ ಜರ್ಮನ್ ಬೇಟೆ ಕೋವಿಯೊಂದು ಎದುರಿಗಿದೆ ಅಂತಿಟ್ಕೊಳ್ಳಿ. ಅದನ್ನು ಮಾಡಿದವರು ಯಾರು ಅಂತ ಕಂಡುಹಿಡಿಯೋದು ಹೇಗೆ? ವಿಡಿಯೊದಲ್ಲಿ ಹೇಳಿದ್ದನ್ನೇ ಇಲ್ಲಿ ಒಂದಿಷ್ಟು ಒಪ್ಪ ಮಾಡಿ, ಅವಸರದಲ್ಲಿ ಹೇಳಿ ಮುಗಿಸಿದ್ದ ಅಂಕಿಗಳನ್ನು ನಿಧಾನವಾಗಿ ಬಿಡಿಸಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಕೋವಿಯ ಮೇಲೆ ಎದ್ದು ಕಾಣುವ ಹೆಸರು ಬಹಳ ಸಲ ಅದನ್ನು ಮಾಡಿದವನ ಹೆಸರಲ್ಲ. ಚಿಕ್ಕಪೇಟೆಯಲ್ಲಿ ಒಂದು ಬಳೆ ತಗೊಳ್ತೀರಿ. ಡಬ್ಬಿಯ ಮೇಲೆ ಅಂಗಡಿಯ ಹೆಸರು ಇರುತ್ತೆ. ಬಳೆಯ ಒಳಗೆ ಹಾಲ್‌ಮಾರ್ಕ್ ಇರುತ್ತೆ, ಅದು ಚಿನ್ನ ಎಷ್ಟು ಶುದ್ಧ ಅಂತ ಹೇಳುತ್ತೆ. ಆದರೆ ಹಿಂದಿನ ಗಲ್ಲಿಯಲ್ಲಿ ಕೂತು ಆ ಬಳೆ ಮಾಡಿದ ಅಕ್ಕಸಾಲಿಗನ ಹೆಸರು? ಅದು ಎಲ್ಲೂ ಇರಲ್ಲ. ಹಳೇ ಜರ್ಮನ್ ಕೋವಿಯ ಕಥೆಯೂ ಹೆಚ್ಚುಕಡಿಮೆ ಇದೇ. ಮಾರಿದವನ ಹೆಸರು, ಉಕ್ಕು ಕೊಟ್ಟವನ ಹೆಸರು, ಪರೀಕ್ಷೆ ಮಾಡಿದ ಸರ್ಕಾರದ ಮುದ್ರೆ, ಎಲ್ಲ ಇರುತ್ತೆ. ಮಾಡಿದ ಕೈ ಯಾವುದು ಅನ್ನೋದನ್ನ ನಾವೇ ಹುಡುಕಬೇಕು.

ಒಂದು ಕೋವಿ, ಹತ್ತು ಕೈ

ಜರ್ಮನಿಯ ಮಧ್ಯಭಾಗದಲ್ಲಿ ತುರಿಂಗಿಯಾ ಅನ್ನೋ ಕಾಡು ಬೆಟ್ಟದ ಸೀಮೆ ಇದೆ. ಅಲ್ಲಿ ಸೂಲ್ ಅಂತ ಒಂದು ಊರು, ಜರ್ಮನರ ಬಾಯಲ್ಲಿ ಅದು ಜೂಲ್. ಸುತ್ತ ಕಬ್ಬಿಣದ ಅದಿರು, ಕುಲುಮೆಗೆ ಬೇಕಾದಷ್ಟು ಸೌದೆ, ಯಂತ್ರ ತಿರುಗಿಸೋಕೆ ಹೊಳೆಯ ನೀರು. ಹದಿನಾರನೇ ಶತಮಾನದಿಂದಲೇ ಅಲ್ಲಿ ಆಯುಧ ಮಾಡುವ ಕಸುಬು ಬೇರು ಬಿಟ್ಟಿತ್ತು. ಮೂವತ್ತು ವರ್ಷಗಳ ಯುದ್ಧದಲ್ಲಿ, 1634ರಲ್ಲಿ, ಊರಿಗೇ ಬೆಂಕಿ ಬಿತ್ತು. ಆದರೂ ಕಸುಬು ಸಾಯಲಿಲ್ಲ. ಪಕ್ಕದಲ್ಲೇ ಜೆಲ್ಲಾ ಮತ್ತು ಮೇಲಿಸ್ ಅನ್ನೋ ಎರಡು ಊರುಗಳು, ಅಲ್ಲೂ ಇದೇ ಕೆಲಸ.

ಸೂಲ್‌ನಲ್ಲಿ ದೊಡ್ಡ ಕಾರ್ಖಾನೆಗಳೂ ಇದ್ದವು. 1751ರಿಂದ ನಡೆದು ಬಂದ ಸಾವರ್, 1840ರಲ್ಲಿ ಶುರುವಾದ ಹೇನೆಲ್, 1898ರಲ್ಲಿ ಶುರುವಾದ ಮೆರ್ಕೆಲ್ ಸಹೋದರರು. ಆದರೆ ಅವುಗಳ ಜೊತೆಗೇ ಮನೆಯಲ್ಲೋ ಸಣ್ಣ ಶೆಡ್ಡಿನಲ್ಲೋ ಕೂತು ಕೆಲಸ ಮಾಡುವ ಕಸುಬುದಾರರು ಬಹಳ ಜನ. ಒಬ್ಬ ನಳಿಗೆ ಕೊರೆಯುವವನು, ಒಬ್ಬ ಬೀಗದ ಭಾಗ ಅರ ಹಾಕಿ ಕೂರಿಸುವವನು, ಒಬ್ಬ ವಾಲ್‌ನಟ್ ಮರದ ಹಿಡಿ ಕೆತ್ತುವವನು, ಇನ್ನೊಬ್ಬ ಅದರ ಮೇಲೆ ಜಿಂಕೆ, ಹಂದಿ, ಓಕ್ ಎಲೆ ಕೆತ್ತುವವನು. ಅರ್ಧ ಸಿದ್ಧವಾದ ಕೋವಿಗಳು ಇವರಿಂದ ಬರ್ಲಿನ್, ಮ್ಯೂನಿಕ್, ಹ್ಯಾನೋವರ್‌ನ ಅಂಗಡಿಗಳಿಗೆ ಹೋಗ್ತಿದ್ದವು. ಅಲ್ಲಿ ಕೊನೆಯ ಕೈಕೆಲಸ ಮುಗಿಸಿ, ನಳಿಗೆಯ ಮೇಲೆ ಚಿನ್ನದ ಅಕ್ಷರದಲ್ಲಿ ಅಂಗಡಿಯ ಹೆಸರು ಕೂರಿಸಿ ಮಾರ್ತಿದ್ದರು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ವೈಟ್ ಲೇಬಲ್ ವ್ಯವಹಾರ. ಕೋಡ್ ಬರೆದವರು ಒಬ್ಬರು, ಲೋಗೋ ಇನ್ನೊಬ್ಬರದ್ದು. ಮೋಸ ಅಂತ ಯಾರೂ ಅಂದುಕೊಳ್ತಿರಲಿಲ್ಲ, ಅದೇ ಅಲ್ಲಿನ ಪದ್ಧತಿ.

ದಾರಿ ತಪ್ಪಿಸುವ ಹೆಸರುಗಳು

ಹಾಗಾಗಿ ಮೊದಲು ಯಾವುದು ತಯಾರಕನ ಹೆಸರಲ್ಲ ಅಂತ ತಿಳ್ಕೊಳ್ಳೋದು ಒಳ್ಳೇದು.

ಒಂದು, ಉಕ್ಕಿನ ಹೆಸರು. ನಳಿಗೆಯ ಮೇಲೆ ‘ಫ್ಲುಸ್ ಸ್ಟಾಲ್ ಕ್ರುಪ್ ಎಸ್ಸೆನ್’ ಅಂತ ದೊಡ್ಡದಾಗಿ ಇರುತ್ತೆ. ಅದನ್ನು ನೋಡಿ ಇದು ಕ್ರುಪ್ ಕಂಪನಿಯ ಕೋವಿ ಅಂತ ಹೇಳುವವರು ಬಹಳ. ಕ್ರುಪ್ ಇಲ್ಲಿ ಉಕ್ಕು ಕೊಟ್ಟ ಕಂಪನಿ, ಅಷ್ಟೇ. ಆಸ್ಟ್ರಿಯಾದ ಬ್ಯೋಲರ್ ಅನ್ನೋ ಹೆಸರೂ ಹಾಗೇ. ಲ್ಯಾಪ್‌ಟಾಪ್ ಮೇಲೆ ಇಂಟೆಲ್ ಸ್ಟಿಕ್ಕರ್ ಇದೆ ಅಂತ ಅದನ್ನು ಇಂಟೆಲ್ ಲ್ಯಾಪ್‌ಟಾಪ್ ಅಂತೀವಾ?

ಎರಡು, ಮಾರಿದವನ ಹೆಸರು. ಹೆಸರಿನ ಜೊತೆ ‘ವಾಫೆನ್‌ಹಾಂಡ್ಲುಂಗ್’ ಅಂತಿದ್ದರೆ ಅದು ಆಯುಧದ ಅಂಗಡಿ. ‘ಬ್ಯುಖ್ಸೆನ್‌ಮಾಖರ್’ ಅಂತಿದ್ದರೆ ಕೋವಿ ಮಾಡುವವನು ಅಂತ ಅರ್ಥ. ಮುಂದೆ ‘ಹೋಫ್’ ಸೇರಿದ್ದರೆ ಯಾವುದೋ ಅರಮನೆಯ ಮನ್ನಣೆ ಪಡೆದವನು. ಆದರೆ ಹೀಗೆ ಬರೆದುಕೊಂಡ ನಗರದ ಅಂಗಡಿಗಳೂ ಸೂಲ್‌ನಿಂದ ತರಿಸಿ ಮಾರಿದ್ದುಂಟು. ಗೆಕೊ, ಅಕಾ ಅನ್ನೋ ಗುರುತುಗಳು ಸಗಟು ವ್ಯಾಪಾರಿಗಳದ್ದು. ‘ನಾಖ್‌ಫೋಲ್ಗರ್’ ಅಥವಾ ಅದರ ಮೊಟಕು ರೂಪ ಕಂಡರೆ, ಮೂಲ ಮಾಲೀಕ ಹೋಗಿ ಅವನ ಉತ್ತರಾಧಿಕಾರಿ ಅಂಗಡಿ ನಡೆಸುತ್ತಿದ್ದ ಕಾಲ ಅಂತ ತಿಳೀಬೇಕು.

ಮೂರು, ಯಂತ್ರದ ಭಾಗದ ಹೆಸರು. ಮೌಸರ್ ಅಂತ ಇದ್ದ ಮಾತ್ರಕ್ಕೆ ಇಡೀ ರೈಫಲ್ ಮೌಸರ್‌ದಲ್ಲ. ನೆಕಾರ್ ದಡದ ಓಬರ್ನ್‌ಡೋರ್ಫ್‌ನ ಮೌಸರ್ ಕಂಪನಿ ತನ್ನದೇ ಬೇಟೆ ರೈಫಲ್‌ಗಳನ್ನೂ ಮಾಡ್ತಿತ್ತು, ಬರೀ ಬೋಲ್ಟ್ ಇರುವ ಭಾಗವನ್ನು ಬೇರೆ ಕಸುಬುದಾರರಿಗೂ ಮಾರ್ತಿತ್ತು. ‘ಸ್ಪಾಂಡೌ 1917’ ಅಂತ ಕಿರೀಟದ ಜೊತೆ ಇದ್ದರೆ ಅದು ಮೊದಲನೇ ಮಹಾಯುದ್ಧದ ಸೈನಿಕ ರೈಫಲ್. ಯುದ್ಧ ಮುಗಿದ ಮೇಲೆ ಯಾರೋ ಅದಕ್ಕೆ ಹೊಸ ಹಿಡಿ ಹಾಕಿ ಬೇಟೆ ಕೋವಿ ಮಾಡಿದ್ದಾರೆ ಅಂತ ಅರ್ಥ.

ನಾಲ್ಕು, ಪೇಟೆಂಟ್ ಗುರುತು. ಡಿ.ಆರ್.ಪಿ. ಅಂದರೆ ಜರ್ಮನ್ ಸಾಮ್ರಾಜ್ಯದ ಪೇಟೆಂಟ್. ಡಿ.ಆರ್.ಜಿ.ಎಂ. ಅಂದರೆ ಅದಕ್ಕಿಂತ ಚಿಕ್ಕ ಹಕ್ಕು, 1891ರಲ್ಲಿ ಶುರುವಾದದ್ದು. ಇದು ಆ ಬೀಗವನ್ನೋ ಕೀಲನ್ನೋ ಕಂಡುಹಿಡಿದವನ ಹಕ್ಕು. ಅದನ್ನು ಬಳಸಿ ಕೋವಿ ಮಾಡಿದವನು ಬೇರೆ ಇರಬಹುದು. ಆದರೆ ಈ ನಂಬರ್ ಬಹಳ ಉಪಯೋಗಕ್ಕೆ ಬರುತ್ತೆ. ಡಿ.ಆರ್.ಪಿ. ನಂಬರ್ ಪೂರ್ತಿ ಓದೋಕೆ ಬಂದರೆ ಜರ್ಮನ್ ಪೇಟೆಂಟ್ ಕಚೇರಿಯ ಡೆಪಾಟಿಸ್‌ನೆಟ್‌ನಲ್ಲಿ ಮೂಲ ದಾಖಲೆಯನ್ನೇ ಹುಡುಕಬಹುದು. ಆ ವರ್ಷಕ್ಕಿಂತ ಹಳೆಯ ಕೋವಿ ಇದಲ್ಲ ಅನ್ನೋದಾದರೂ ಖಾತ್ರಿಯಾಗುತ್ತೆ.

ಮರೆಯಲ್ಲಿರುವ ಮುದ್ರೆಗಳು

ನಿಜವಾದ ಮಾಹಿತಿ ಇರೋದು ಕಣ್ಣಿಗೆ ಬೀಳದ ಜಾಗದಲ್ಲಿ. ಮಡಚುವ ಕೋವಿಯಾದರೆ ಮುಂದಿನ ಮರದ ತುಂಡು ತೆಗೆದಾಗ ಕಾಣುವ ನಳಿಗೆಯ ತಳಭಾಗ. ಬೋಲ್ಟ್ ರೈಫಲ್ ಆದರೆ ನಳಿಗೆಯ ಬುಡ, ಮತ್ತು ಕೆಲವು ಸಲ ಹಿಡಿಯೊಳಗೆ ಹುದುಗಿರುವ ಅಡಿಭಾಗ.

ಅಲ್ಲಿ ಪುಟ್ಟ ಪುಟ್ಟ ಕಿರೀಟಗಳು, ಒಂದೊಂದರ ಕೆಳಗೆ ಒಂದೊಂದು ಅಕ್ಷರ. ಇವು ಸರ್ಕಾರಿ ಪರೀಕ್ಷಾ ಮುದ್ರೆಗಳು. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಬಿರುಕು ಬಿಡಲಿಲ್ಲ ಅಂತಾದ ಮೇಲೆ ಹಾಕುವ ಮುದ್ರೆ. 1891ರ ಮೇ ತಿಂಗಳಲ್ಲಿ ಜರ್ಮನಿ ಇದಕ್ಕೆ ಕಾನೂನು ಮಾಡಿತು. ಅದು ಜಾರಿಗೆ ಬಂದದ್ದು 1893ರ ಏಪ್ರಿಲ್ 1ಕ್ಕೆ. ಈ ತಾರೀಕು ನೆನಪಿಟ್ಕೊಳ್ಳಿ, ನಮ್ಮ ಲೆಕ್ಕಾಚಾರವೆಲ್ಲ ಇಲ್ಲಿಂದಲೇ ಶುರು.

ಅಕ್ಷರಗಳ ಅರ್ಥ ಹೀಗೆ:

- ಬಿ: ಬೆಶುಸ್, ಅಂದರೆ ಹಾರಿಸಿ ಪರೀಕ್ಷೆ ಮಾಡಿದ್ದು.
- ಯು: ಉಂಟರ್‌ಜೂಖುಂಗ್, ಹಾರಿಸಿದ ಮೇಲೆ ತಪಾಸಣೆ ಮಾಡಿದ್ದು.
- ಜಿ: ಗೆತ್ಸೋಗನ್, ಒಳಗೆ ಸುರುಳಿ ಗೀರು ಇರುವ ರೈಫಲ್ ನಳಿಗೆ.
- ಎಸ್: ಶ್ರೋಟ್, ಚರೆ ಹಾರಿಸುವ ನಯವಾದ ನಳಿಗೆ.
- ಡಬ್ಲ್ಯು: ಬಾಯಿಯ ಹತ್ತಿರ ಕಿರಿದಾಗುವ ನಳಿಗೆ, ಅಂದರೆ ಚೋಕ್.
- ವಿ: ಫೋರ್‌ರಾಟ್, ದಾಸ್ತಾನು. ಕಾನೂನು ಜಾರಿಯಾದ ದಿನ ಅದಾಗಲೇ ತಯಾರಾಗಿ ಅಂಗಡಿಯಲ್ಲಿದ್ದ ಕೋವಿ.
- ಎನ್: ನೈಟ್ರೊ, ಹೊಗೆಯಿಲ್ಲದ ಹೊಸ ಮದ್ದಿಗೆ ಪರೀಕ್ಷೆಯಾದದ್ದು. 1911-12ರ ಸುಮಾರಿಗೆ ಬಂದದ್ದು.

ಕಿರೀಟದ ಕೆಳಗೆ ವಿ ಇದ್ದರೆ ಆ ಕೋವಿ 1893ಕ್ಕಿಂತ ಹಿಂದಿನದು ಅಂತ ಆ ಒಂದೇ ಅಕ್ಷರ ಹೇಳಿಬಿಡುತ್ತೆ. ಕಿರೀಟದ ಬದಲು ಹದ್ದಿನ ಕೆಳಗೆ ಎನ್ ಇದ್ದರೆ ಅದು 1939ರ ಕಾನೂನಿನ ಮುದ್ರೆ, 1940ರ ಏಪ್ರಿಲ್‌ನಿಂದ ಬಳಕೆಗೆ ಬಂದದ್ದು.

ಒಂದು ಎಚ್ಚರಿಕೆ. ಜರ್ಮನ್ ಅಕ್ಷರ ಇರೋದೆಲ್ಲ ಜರ್ಮನಿಯದ್ದಲ್ಲ. ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಇದ್ದರೆ ಅದು ಬೆಲ್ಜಿಯಂನ ಲಿಯೇಜ್‌ನಲ್ಲಿ ಪರೀಕ್ಷೆಯಾದದ್ದು. ಒಂದು ನಂಬರ್, ಚುಕ್ಕಿ, ಆಮೇಲೆ ವರ್ಷದ ಎರಡು ಅಂಕಿ, ಜೊತೆಗೆ ಎನ್.ಪಿ.ಎಫ್. ಇದ್ದರೆ ಅದು ಆಸ್ಟ್ರಿಯಾದ ಫೆರ್ಲಾಖ್ ಊರಿನದು.

ಅಂಕಿಗಳ ಲೆಕ್ಕ

ಮುದ್ರೆಗಳ ಪಕ್ಕದಲ್ಲಿ ವಿಚಿತ್ರವಾದ ಅಂಕಿಗಳಿರುತ್ತವೆ: 108,49 ಅಥವಾ 156,14. ಮೊದಲ ಸಲ ನೋಡಿದವರು ಸೀರಿಯಲ್ ನಂಬರ್ ಅಂದುಕೊಳ್ತಾರೆ. ಅಲ್ಲ. ಜರ್ಮನರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕ್ತಾರೆ. ಅಂದರೆ ಇದು ನೂರಾ ಎಂಟು ಪಾಯಿಂಟ್ ನಾಲ್ಕು ಒಂಬತ್ತು.

ಇದರ ಅರ್ಥ ಏನು? ಒಂದು ಪೌಂಡ್ ಸೀಸ ಕರಗಿಸಿ, ನಳಿಗೆಯೊಳಗೆ ಸರಿಯಾಗಿ ಕೂರುವ ಉಂಡೆಗಳನ್ನು ಮಾಡಿದರೆ ಎಷ್ಟು ಉಂಡೆ ಆಗುತ್ತೆ ಅನ್ನೋ ಲೆಕ್ಕ. ಹನ್ನೆರಡು ಬೋರ್ ಅಂತೀವಲ್ಲ, ಅದೂ ಇದೇ: ಪೌಂಡಿಗೆ ಹನ್ನೆರಡು ಉಂಡೆ. ಅಂಕಿ ದೊಡ್ಡದಾದಷ್ಟೂ ನಳಿಗೆ ಕಿರಿದು. 108.49 ಅಂದರೆ 0.35 ಇಂಚಿನ, ಅಂದರೆ 8.89 ಮಿಲಿಮೀಟರ್‌ನ ಅಳತೆ ಕಡ್ಡಿ ಒಳಗೆ ಹೋಯಿತು, ಅದಕ್ಕಿಂತ ಒಂದು ಅಳತೆ ದೊಡ್ಡದು ಹೋಗಲಿಲ್ಲ ಅಂತ. ಇದು ಸಾಮಾನ್ಯವಾಗಿ 9.3 ಮಿ.ಮೀ. ಬೇಟೆ ರೈಫಲ್‌ಗಳಲ್ಲಿ ಕಾಣುವ ಅಂಕಿ. 156.14 ಅಂದರೆ 0.31 ಇಂಚು, 7.87 ಮಿ.ಮೀ., ಇದು 8 ಮಿ.ಮೀ. ರೈಫಲ್‌ಗಳಲ್ಲಿ ಕಾಣುತ್ತೆ. ಅಳತೆ ಸ್ವಲ್ಪ ಕಮ್ಮಿ ಬರೋದು ಯಾಕೆ ಅಂದ್ರೆ, ಕಡ್ಡಿ ಅಳೆಯೋದು ಸುರುಳಿ ಗೀರುಗಳ ನಡುವಿನ ಎತ್ತರದ ಭಾಗವನ್ನು. ಗುಂಡು ಕೂರೋದು ಗೀರಿನ ಆಳಕ್ಕೆ.

1912ರ ಹೊತ್ತಿಗೆ ಈ ಸೀಸದ ಲೆಕ್ಕ ಬಿಟ್ಟು ನೇರವಾಗಿ ಮಿಲಿಮೀಟರ್ ಬರೆಯೋಕೆ ಶುರು ಮಾಡಿದರು. ಹಾಗಾಗಿ ಪೌಂಡ್ ಲೆಕ್ಕದ ಅಂಕಿ ಇದೆ, ಕಿರೀಟದ ಕೆಳಗೆ ಎನ್ ಇಲ್ಲ ಅಂದರೆ, ಕೋವಿ ಹೆಚ್ಚುಕಡಿಮೆ 1893 ಮತ್ತು 1912ರ ನಡುವಿನದು. 1920ರ ದಶಕದಲ್ಲಿ ಇನ್ನೂ ಸುಲಭ. ತಿಂಗಳು ಮತ್ತು ವರ್ಷವನ್ನೇ ಒತ್ತುತ್ತಿದ್ದರು. 12.28 ಅಂತಿದ್ದರೆ 1928ರ ಡಿಸೆಂಬರ್.

ಊರಿನ ಹೆಸರೂ ಕಾಲ ಹೇಳುತ್ತೆ. ಜೆಲ್ಲಾ ಮತ್ತು ಮೇಲಿಸ್ ಒಂದಾದದ್ದು 1919ರಲ್ಲಿ. ‘ಜೆಲ್ಲಾ-ಮೇಲಿಸ್’ ಅಂತ ಜೋಡಿಸಿ ಬರೆದಿದ್ದರೆ ಅದಕ್ಕಿಂತ ಹಿಂದಿನದಲ್ಲ. ‘ಮೇಡ್ ಇನ್ ಜರ್ಮನಿ’ ಅಂತ ಇಂಗ್ಲಿಷಿನಲ್ಲಿ ಇದ್ದರೆ ಹೊರದೇಶಕ್ಕೆ ಮಾರೋಕೆ ಮಾಡಿದ್ದು ಅಂತ ಊಹಿಸಬಹುದು. ಈಗ ಗುಣಮಟ್ಟದ ಗುರುತು ಅನ್ನಿಸಿಕೊಂಡಿರುವ ಈ ಮಾತು ಹುಟ್ಟಿದ್ದೇ ಬ್ರಿಟಿಷರ 1887ರ ಕಾಯ್ದೆಯಿಂದ, ಹೊರಗಿನ ಮಾಲನ್ನು ತಮ್ಮ ಗಿರಾಕಿಗಳು ಗುರುತಿಸಲಿ ಅಂತ.

ಒಂದು ಕೋವಿ ಓದಿ ನೋಡೋಣ

ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ವಿರಾಜಪೇಟೆ ಕಡೆಯವನು. ಕೊಡಗಿನ ಮನೆಗಳಲ್ಲಿ ಕೋವಿಗೆ ಇರುವ ಜಾಗ ನಿಮಗೆ ಗೊತ್ತಲ್ಲ, ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್ ಪೂ ಇಟ್ಟು ಪೂಜೆ ಮಾಡ್ತಾರೆ. ಅವನು ಮನೆಯ ಕೋವಿಯ ಫೋಟೋಗಳನ್ನು ಕಳಿಸಿ, “ಅಣ್ಣಾ, ಇದು ಕ್ರುಪ್ ಕೋವಿ ಅಂತ ಅಜ್ಜ ಹೇಳ್ತಿದ್ರು, ಹಳೇ ಕಾಗದದಲ್ಲೂ ಹಾಗೇ ಬರೆದಿದೆ, ಹೌದಾ?” ಅಂತ ಕೇಳಿದ.

ಫೋಟೋದಲ್ಲಿ ಕಂಡದ್ದು ಇಷ್ಟು. ಎರಡು ನಳಿಗೆ ಅಕ್ಕಪಕ್ಕ. ಮೇಲೆ ಹ್ಯಾನೋವರ್‌ನ ಒಬ್ಬ ವ್ಯಾಪಾರಿಯ ಹೆಸರು. ನಳಿಗೆಯ ಮೇಲೆ ಕ್ರುಪ್ ಉಕ್ಕಿನ ಬರಹ. ತಳದಲ್ಲಿ ಎರಡು ನಳಿಗೆಗೂ ಕಿರೀಟದ ಕೆಳಗೆ ಬಿ ಮತ್ತು ಯು. ಒಂದಕ್ಕೆ ಎಸ್, ಡಬ್ಲ್ಯು, ವೃತ್ತದೊಳಗೆ 16. ಇನ್ನೊಂದಕ್ಕೆ ಜಿ, ಪಕ್ಕದಲ್ಲಿ 108,49. ಎನ್ ಎಲ್ಲೂ ಇಲ್ಲ. ಒಂದು ಮೂಲೆಯಲ್ಲಿ ಯಾರದೋ ಹೆಸರಿನ ಎರಡು ಅಕ್ಷರ.

ಓದಿದರೆ ಏನು ಸಿಗುತ್ತೆ? ಇದು ಬ್ಯುಖ್ಸ್‌ಫ್ಲಿಂಟೆ, ಅಂದರೆ ಒಂದು ಚರೆ ನಳಿಗೆ, ಒಂದು ರೈಫಲ್ ನಳಿಗೆ ಇರುವ ಜರ್ಮನ್ ಬೇಟೆ ಕೋವಿ. ಚರೆಯದು 16 ಬೋರ್, ಚೋಕ್ ಇರುವಂಥದ್ದು. ರೈಫಲ್ 9.3 ಮಿ.ಮೀ. ಇರಬಹುದಾದ್ದು. ಕಾಲ 1893ರಿಂದ ಸುಮಾರು 1912. ಉಕ್ಕು ಕ್ರುಪ್, ಮಾರಿದ್ದು ಹ್ಯಾನೋವರ್. ಆ ಎರಡು ಅಕ್ಷರ ನಳಿಗೆ ಕೊರೆದವನದ್ದು ಇರಬೇಕು. ಇಡೀ ಕೋವಿ ಮಾಡಿದವನ ಹೆಸರು ಅದರ ಮೇಲೆ ಇಲ್ಲ.

ಹುಡುಗನಿಗೆ ಮೊದಲು ಸ್ವಲ್ಪ ನಿರಾಸೆಯಾಯ್ತು. ಆದರೆ ಕಾಗದಕ್ಕೂ ಕೋವಿಗೂ ತಾಳೆ ಇರಬೇಕು, ಅದು ಸಣ್ಣ ವಿಷಯ ಅಲ್ಲ. ಅಜ್ಜನ ಹೆಸರಿಂದ ಅಪ್ಪನ ಹೆಸರಿಗೆ ದಾಖಲೆ ಬದಲಾಗುವಾಗ ‘ತಯಾರಕ: ಕ್ರುಪ್, ಡಬಲ್ ಬ್ಯಾರೆಲ್’ ಅಂತಿದ್ದು, ಎದುರಿಗಿರುವ ಕೋವಿಯಲ್ಲಿ ಒಂದು ರೈಫಲ್ ನಳಿಗೆ ಇದ್ದರೆ ಉತ್ತರ ಕೊಡಬೇಕಾದವರು ಮನೆಯವರು. ಗೊತ್ತಿಲ್ಲದ ಹೆಸರನ್ನು ಗೊತ್ತಿರುವ ಹಾಗೆ ಬರೆಸೋದಕ್ಕಿಂತ, ಕಂಡದ್ದನ್ನು ಕಂಡ ಹಾಗೆ ಬರೆಸೋದು ಲೇಸು.

ಹೆಸರು ಬದಲಾದರೆ ಅದರ ಹಿಂದೆ ಕಥೆ ಇರುತ್ತೆ

ಕೆಲವು ಸಲ ತಯಾರಕನ ಹೆಸರು ಸ್ಪಷ್ಟವಾಗಿಯೇ ಇರುತ್ತೆ. ಸಾವರ್ ಕಂಪನಿಯದ್ದು ದೊಣ್ಣೆ ಹಿಡಿದ ಕಾಡುಮನುಷ್ಯನ ಚಿತ್ರ, ನೋಡಿದ ಕೂಡಲೇ ಗೊತ್ತಾಗುತ್ತೆ. ಆದರೆ ಸಿಮ್ಸನ್ ಅನ್ನೋ ಹೆಸರಿನ ಕಥೆ ಬೇರೆ.

ಸಿಮ್ಸನ್ ಸೂಲ್‌ನ ಯಹೂದಿ ಕುಟುಂಬ. 1856ರಲ್ಲಿ ಅಣ್ಣತಮ್ಮಂದಿರು ಶುರು ಮಾಡಿದ ಕಂಪನಿ. ಕೋವಿ, ಸೈಕಲ್, ಕಾರು ಎಲ್ಲ ಮಾಡ್ತಿತ್ತು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1935ರಲ್ಲಿ, ತುರಿಂಗಿಯಾದ ನಾತ್ಸಿ ಮುಖಂಡ ಫ್ರಿಟ್ಸ್ ಸೌಕೆಲ್ ಆ ಕಾರ್ಖಾನೆಯನ್ನು ಕುಟುಂಬದ ಕೈಯಿಂದ ಕಿತ್ತುಕೊಂಡ. ಅವರು ದೇಶ ಬಿಟ್ಟು ಓಡಬೇಕಾಯ್ತು. ಕಾರ್ಖಾನೆಗೆ ಬಿ.ಎಸ್.ಡಬ್ಲ್ಯು. ಅಂತ ಹೊಸ ಹೆಸರು ಬಂತು, ಆಮೇಲೆ ಗುಸ್ಟ್ಲೋಫ್ ಅಂತಾಯ್ತು. ಕೆಲಸಗಾರರು ಅವರೇ, ಯಂತ್ರಗಳು ಅವೇ, ಹೆಸರು ಮಾತ್ರ ಹೋಯ್ತು. ಬಿ.ಎಸ್.ಡಬ್ಲ್ಯು. ಗುರುತಿರುವ ಕೋವಿ ಸಿಕ್ಕರೆ ಅದು 1930ರ ದಶಕದ ಕೊನೆಯ ಕೆಲವು ವರ್ಷಗಳದ್ದು ಅಂತ ಸಂಗ್ರಹಕಾರರು ಹೇಳ್ತಾರೆ. ಒಂದು ಕುಟುಂಬವನ್ನು ಊರಿಂದ ಓಡಿಸಿದ ಕಾಲದ ಗುರುತೂ ಅದೇ. ಸೌಕೆಲ್‌ಗೆ 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಗಲ್ಲಾಯ್ತು.

ಯುದ್ಧ ಮುಗಿದಾಗ ಸೂಲ್‌ಗೆ ಮೊದಲು ಬಂದದ್ದು ಅಮೆರಿಕದ ಸೈನ್ಯ. 1945ರ ಜುಲೈನಲ್ಲಿ ಊರು ಸೋವಿಯತ್ ಕೈಗೆ ಹೋಯ್ತು. ಕೆಲವರು ಪಶ್ಚಿಮಕ್ಕೆ ವಲಸೆ ಹೋದರು. ಸಾವರ್ ಎಕರ್ನ್‌ಫ್ಯೋರ್ಡೆಗೆ, ಕ್ರೀಗ್‌ಹೋಫ್ ಮತ್ತು ಜೆಲ್ಲಾ-ಮೇಲಿಸ್‌ನ ವಾಲ್ಟರ್, ಆನ್‌ಶುಟ್ಸ್ ಉಲ್ಮ್ ನಗರಕ್ಕೆ. ಹಾಗಾಗಿ ಒಂದೇ ಹೆಸರಿನ ಪಕ್ಕ ಯಾವ ಊರು ಇದೆ ಅನ್ನೋದು ಕೂಡ ವರ್ಷ ಹೇಳುತ್ತೆ. ಊರು ಬಿಟ್ಟು ಬಂದು ಬೇರೆ ಕಡೆ ಹೆಸರು ಕಟ್ಟೋದು ಅಂದ್ರೇನು ಅಂತ ನಮಗಂತೂ ಹೇಳಿಕೊಡಬೇಕಿಲ್ಲ.

ಹಾರಿಸಿ ನೋಡೋಣ ಅನ್ನಬೇಡಿ

ಗುರುತು ಹಿಡಿಯೋದು ಬರೀ ಕುತೂಹಲದ ವಿಷಯ ಅಲ್ಲ. 8 ಮಿ.ಮೀ. ಜರ್ಮನ್ ರೈಫಲ್‌ಗಳಲ್ಲಿ ಎರಡು ಬಗೆ ಇವೆ. ಹಳೆಯದಕ್ಕೆ 8.07 ಮಿ.ಮೀ. ಗುಂಡು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸೈನ್ಯಕ್ಕೆ ಬಂದ ಹೊಸದಕ್ಕೆ 8.20 ಮಿ.ಮೀ. ಗುಂಡು, ಅದರ ಹೆಸರಿನಲ್ಲಿ ಎಸ್ ಇರುತ್ತೆ. ವ್ಯತ್ಯಾಸ ಮಿಲಿಮೀಟರ್‌ನ ಎಂಟನೇ ಒಂದು ಭಾಗದಷ್ಟು. ತೋಟಾ ಎರಡಕ್ಕೂ ಹೊರಗಿಂದ ಒಂದೇ ಥರ ಕಾಣುತ್ತೆ. ಆದರೆ ಹಳೇ ನಳಿಗೆಯಲ್ಲಿ ದಪ್ಪ ಗುಂಡು ಹಾರಿಸಿದರೆ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತೆ. ಕಪ್ಪು ಮದ್ದಿಗೆ ಮಾಡಿದ ಕೋವಿಗೆ ನೈಟ್ರೊ ತೋಟಾ ಹಾಕೋದೂ ಅಷ್ಟೇ ಅಪಾಯ. ಮುಖದ ಹತ್ತಿರ ಇಟ್ಟುಕೊಂಡು ಹಾರಿಸುವ ವಸ್ತು ಇದು, ಮರೀಬೇಡಿ.

ಕಾನೂನಿನ ಮಾತೂ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, ಷರತ್ತುಗಳ ಜೊತೆ. ಉಳಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡರೆ ಕೋವಿಯನ್ನು ಅಟ್ಟದ ಮೇಲೆ ಇಟ್ಟು ಬೆಂಗಳೂರಿಗೋ ಹೈದರಾಬಾದಿಗೋ ಬಂದುಬಿಡೋದಲ್ಲ. ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಠೇವಣಿ ಇಡಬೇಕು, ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ.

ಫೋಟೋ ತೆಗೆಯುವ ಮುನ್ನ

ಕೊನೆಗೆ, ಮಾಡಬೇಕಾದ್ದು ಇಷ್ಟು:

1. ಕೋವಿ ಯಾರ ಹೆಸರಲ್ಲಿದೆಯೋ ಅವರ ಎದುರೇ ನೋಡಿ. ಖಾಲಿ ಇದೆ ಅಂತ ಮೊದಲು ಅವರಿಂದಲೇ ಖಾತ್ರಿ ಮಾಡಿಸಿ.
2. ಬಿಚ್ಚಬೇಕಾದರೆ ತಿಳಿದ ಮೇಸ್ತ್ರಿಯಿಂದ ಬಿಚ್ಚಿಸಿ. ಮನೆಯ ಸ್ಕ್ರೂಡ್ರೈವರ್ ಹಾಕಿದರೆ ತಿರುಪಿನ ತಲೆ ಹಾಳಾಗುತ್ತೆ.
3. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಹೊಸ ಬಣ್ಣ ಹಾಕಿಸಬೇಡಿ. ತುಕ್ಕಿನ ಜೊತೆ ಮುದ್ರೆಯೂ ಹೋಗುತ್ತೆ. ಹೋದರೆ ಮತ್ತೆ ಬರಲ್ಲ.
4. ಮಸುಕಾದ ಅಕ್ಷರದ ಮೇಲೆ ಸೀಮೆಸುಣ್ಣದ ಪುಡಿ ಸವರಿ ಒರೆಸಿ, ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಡಿ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ.
5. ಕಂಡ ಒಂದೊಂದು ಗುರುತನ್ನೂ ಪಟ್ಟಿ ಮಾಡಿ, ಪಕ್ಕದಲ್ಲಿ ಬರೆಯಿರಿ: ಇದು ಉಕ್ಕಿನದಾ, ಮಾರಿದವನದ್ದಾ, ಪರೀಕ್ಷೆಯದ್ದಾ, ಪೇಟೆಂಟಿನದಾ, ಮಾಡಿದವನದ್ದಾ? ಕೊನೆಯ ಸಾಲು ಖಾಲಿ ಉಳಿದರೆ ಖಾಲಿ ಇರಲಿ.
6. ಆಮೇಲೆ ಹಳೇ ಕ್ಯಾಟಲಾಗ್ ನೋಡಿ. ಹ್ಯಾಂಬರ್ಗ್‌ನ ಆಲ್ಫಾ ಕಂಪನಿಯ 1911ರ ಕ್ಯಾಟಲಾಗ್‌ನಲ್ಲಿ ಆ ಕಾಲದ ಬಗೆಬಗೆಯ ಕೋವಿಗಳ ಚಿತ್ರಗಳಿವೆ. ಸೂಲ್‌ನ ಹಳೇ ಮಾಲ್ಟ್ ಮನೆಯಲ್ಲಿ ಆಯುಧಗಳ ಮ್ಯೂಸಿಯಂ ಇದೆ, ಆನ್‌ಸೈಟ್ ಅಂತ ಜರ್ಮನಿಗೆ ಹೋದವರು ಒಂದು ದಿನ ಬಿಡುವು ಮಾಡಿಕೊಂಡು ನೋಡಿ ಬರಬಹುದು.

ಹೆಸರು ಸಿಕ್ಕರೆ ಸಂತೋಷ. ಸಿಗದಿದ್ದರೆ ‘ಮಾಡಿದವರು ಗೊತ್ತಿಲ್ಲ, ಕಾಲ ಇಂಥದ್ದು, ಮಾರಿದ ಊರು ಇದು’ ಅನ್ನೋದೂ ಪೂರ್ತಿ ಉತ್ತರವೇ. ತಮ್ಮ ಹೆಸರು ಬರೆಯದೆ ಕೋವಿ ಮಾಡಿ ಕೊಟ್ಟವರ ಕೆಲಸಕ್ಕೆ ದೊಡ್ಡ ಕಂಪನಿಯೊಂದರ ಹೆಸರು ಅಂಟಿಸೋದು ಬೇಡ.